ಕೃಪೆಯ ಕಾಲದಲ್ಲಿರುವ ಕ್ರೈಸ್ತರಿಗೆ ಮೋಶೆಯ ಧರ್ಮಶಾಸ್ತ್ರ (ಬೈಬಲಿನ ಮೊದಲ ಐದು ಪುಸ್ತಕಗಳಲ್ಲಿರುವ ಆಜ್ಞೆಗಳು) ಈಗಲೂ ಅನ್ವಯಿಸುತ್ತದೆಯೇ? ಯಾವುದನ್ನು ಪಾಲಿಸಬೇಕು, ಯಾವುದನ್ನು ಬಿಡಬಹುದು?

ನಿಮ್ಮ ಪಾಸ್ಟರ್ ‘ಧರ್ಮಶಾಸ್ತ್ರ ಮುಗಿಯಿತು, ಇನ್ನು ಕೃಪೆ ಮಾತ್ರ’ ಎನ್ನುತ್ತಾರೆ. ನಿಮ್ಮ ತಂದೆ ‘ಆಜ್ಞೆಗಳು ಹತ್ತೇ, ಒಂಬತ್ತಲ್ಲ’ ಎನ್ನುತ್ತಾರೆ. ನಡುವೆ ಸಿಕ್ಕಿಕೊಂಡ ನೀವು ಭಾನುವಾರ ಬೇಕರಿ ತೆರೆಯಬಹುದೇ ಎಂದು ತಿಳಿಯಲು ಪಾಲಿಸಬೇಕಾದ ಮತ್ತು ಬಿಡಬಹುದಾದ ಆಜ್ಞೆಗಳ ಪಟ್ಟಿ ಕೇಳುತ್ತಿದ್ದೀರಿ. ಅಂಥದೊಂದು ಪಟ್ಟಿ ನನ್ನ ಬಳಿ ಇತ್ತು. ಅದರಿಂದ ಒಂದು ಮನೆಯ ಕೆಲಸವೂ ಹೋಯಿತು, ಒಬ್ಬ ಒಳ್ಳೆಯ ಮೇಸ್ತ್ರಿಯೂ ಹೋದರು, ಹೆಂಡತಿಯ ಬಳೆಗಳು ಅಡವಿಗೆ ಹೋದವು.

ನಾನು ಕಟ್ಟಡದ ಕಾಂಟ್ರಾಕ್ಟರ್. ದೊಡ್ಡವನಲ್ಲ, ಬೆಂಗಳೂರಿನ ಹೆಣ್ಣೂರು, ಹೊರಮಾವು, ಕೊತ್ತನೂರು ಕಡೆ ಮೂವತ್ತು ನಲವತ್ತರ ಸೈಟುಗಳಲ್ಲಿ ಮನೆ ಕಟ್ಟಿಕೊಡುತ್ತೇನೆ. ಬೆಳೆದದ್ದು ಕನ್ನಡ ಪ್ರೊಟೆಸ್ಟೆಂಟ್ ಸಭೆಯಲ್ಲಿ. ಅಲ್ಲಿ ಕರ್ತನ ಭೋಜನದ ಆರಾಧನೆಯಲ್ಲಿ ಅಯ್ಯನವರು ಹತ್ತು ಆಜ್ಞೆಗಳನ್ನು ಒಂದೊಂದಾಗಿ ಓದುತ್ತಿದ್ದರು, ನಾವು ಒಂದೊಂದಕ್ಕೂ ಕರುಣೆ ಬೇಡುತ್ತಿದ್ದೆವು. ಮದುವೆಯಾದ ಮೇಲೆ ಮನೆಗೆ ಹತ್ತಿರ ಎಂದು ಬೇರೊಂದು ಸಭೆಗೆ ಸೇರಿದೆ. ಅಲ್ಲಿ ಹಾಡು ಚೆನ್ನಾಗಿತ್ತು, ಬೋಧನೆ ಇನ್ನೂ ಚೆನ್ನಾಗಿತ್ತು. ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ ಹಿಡಿದು ಪಾಸ್ಟರ್ ವಾರಗಟ್ಟಲೆ ಮಾತನಾಡಿದರು: ನಾವು ಧರ್ಮಶಾಸ್ತ್ರಕ್ಕೆ ಅಧೀನರಲ್ಲ, ಕೃಪೆಗೆ ಅಧೀನರು. ಅವರ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಪೌಲ ಬರೆದದ್ದನ್ನೇ ಹೇಳಿದರು. ಆ ಮಾತಿರುವ ಹದಿನಾಲ್ಕನೆಯ ವಚನದ ಬೆನ್ನಿಗೇ, ಹಾಗಾದರೆ ಪಾಪ ಮಾಡೋಣವೇ, ಎಂದಿಗೂ ಬೇಡ ಎಂದು ಪೌಲನೇ ಬರೆದಿದ್ದಾನೆ. ಅದನ್ನೂ ಅವರು ಹೇಳಿರಬೇಕು. ನನ್ನ ಕಿವಿ ಹದಿನಾಲ್ಕಕ್ಕೇ ನಿಂತುಬಿಟ್ಟಿತ್ತು.

ಅದೇ ಸಭೆಯ ಬೈಬಲ್ ತರಗತಿಯಲ್ಲಿ ಮೂರು ಖಾನೆಗಳ ಪಾಠವಾಯಿತು. ಮೋಶೆಯ ಧರ್ಮಶಾಸ್ತ್ರದಲ್ಲಿ ನೈತಿಕ ನಿಯಮಗಳು, ಬಲಿ ಮತ್ತು ಶುದ್ಧಾಚಾರದ ನಿಯಮಗಳು, ಇಸ್ರಾಯೇಲ್ ರಾಜ್ಯದ ನ್ಯಾಯದ ನಿಯಮಗಳು ಎಂದು ಮೂರು ಬಗೆ. ಮೊದಲನೆಯದು ಉಳಿಯಿತು, ಉಳಿದೆರಡು ಹೋದವು. ಇದು ಹಳೆಯ ವಿಂಗಡಣೆ. ಹದಿಮೂರನೆಯ ಶತಮಾನದಲ್ಲಿ ಕ್ಯಾಥೊಲಿಕ್ ಪಂಡಿತ ಥಾಮಸ್ ಅಕ್ವಿನಾಸ್ ಇದನ್ನು ವಿವರವಾಗಿ ಮಂಡಿಸಿದ್ದಾನೆ, ಪ್ರೊಟೆಸ್ಟೆಂಟರ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣದ ಹತ್ತೊಂಬತ್ತನೆಯ ಅಧ್ಯಾಯವೂ ಹೀಗೆಯೇ ವಿಂಗಡಿಸುತ್ತದೆ. ಕಲಿಸುವವರಿಗೆ ಅನುಕೂಲ. ಕಾಂಟ್ರಾಕ್ಟರಿಗೆ ಅದಕ್ಕಿಂತಲೂ ಅನುಕೂಲ.

ನಮ್ಮ ಕೆಲಸದಲ್ಲಿ ಶನಿವಾರ ಬಟವಾಡೆ. ಯಾದಗಿರಿ, ರಾಯಚೂರು ಕಡೆಯಿಂದ ಬಂದ ಗಾರೆಯವರು ಸೈಟಿನಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ಸಂಸಾರ ಸಮೇತ ಇರುತ್ತಾರೆ. ಭಾನುವಾರ ಅಕ್ಕಿ, ಎಣ್ಣೆ, ಮಕ್ಕಳ ಔಷಧ ಎಲ್ಲವೂ ಶನಿವಾರದ ಆ ದುಡ್ಡಿನಲ್ಲೇ ಆಗಬೇಕು. ಈ ಕಸುಬಿಗೆ ಇಳಿದಾಗ ಹಳೆಯ ಕಾಂಟ್ರಾಕ್ಟರೊಬ್ಬರು ನನಗೆ ಹೇಳಿಕೊಟ್ಟ ಪಾಠ: ಒಂದು ವಾರದ ಕೂಲಿ ಯಾವಾಗಲೂ ನಿನ್ನ ಕೈಯಲ್ಲಿರಲಿ, ಬಾಕಿ ಇದ್ದರೆ ಆಳು ಬೇರೆ ಸೈಟಿಗೆ ಹೋಗುವುದಿಲ್ಲ. ನಾನು ಹಾಗೆಯೇ ನಡೆಸಿದೆ. ಹಾಜರಿ ಪುಸ್ತಕ ನನ್ನ ಸ್ಕೂಟರಿನ ಡಿಕ್ಕಿಯಲ್ಲೇ ಇರುತ್ತಿತ್ತು. ಉದ್ದನೆಯ ನೋಟು ಪುಸ್ತಕ, ರಟ್ಟಿನ ತುಂಬ ಸಿಮೆಂಟಿನ ಬೆರಳಚ್ಚು. ಪೂರ್ತಿ ದಿನಕ್ಕೊಂದು ಗೆರೆ, ಅರ್ಧ ದಿನಕ್ಕೊಂದು ಚುಕ್ಕೆ, ಮುಂಗಡ ಪಡೆದದ್ದು ಕೆಂಪು ಶಾಯಿಯಲ್ಲಿ. ಬಲತುದಿಯ ‘ಬಾಕಿ’ ಎಂಬ ಸಾಲು ಎಂದೂ ಸೊನ್ನೆಗೆ ಇಳಿಯದಂತೆ ನೋಡಿಕೊಳ್ಳುತ್ತಿದ್ದೆ.

ಅದೇ ದಿನಗಳಲ್ಲಿ ಮನೆಯ ಮಾಲೀಕರಿಂದ ಕಂತು ಬಂದ ಕೂಡಲೇ ಹತ್ತರಲ್ಲೊಂದು ಪಾಲನ್ನು ದಶಮಾಂಶವೆಂದು ಸಭೆಗೆ ಚೆಕ್ ಬರೆಯುತ್ತಿದ್ದೆ. ಒಂದು ಕಂತಿಗೂ ತಪ್ಪಿಸಲಿಲ್ಲ.

ಒಮ್ಮೆ ಅಪ್ಪ ಸೈಟಿಗೆ ಬಂದಿದ್ದರು. ಶನಿವಾರ ಸಂಜೆ ಮೇಸ್ತ್ರಿ ಕೂಲಿ ಕೇಳಿದಾಗ ನಾನು ಅರ್ಧ ಕೊಟ್ಟು, ‘ಉಳಿದದ್ದು ಮುಂದಿನ ವಾರ ನೋಡೋಣ’ ಎಂದದ್ದನ್ನು ಕೇಳಿಸಿಕೊಂಡರು. ಆಗ ಏನೂ ಹೇಳಲಿಲ್ಲ. ಮನೆಗೆ ಬಂದು ಊಟವಾದ ಮೇಲೆ ಮೋಶೆಯ ಐದು ಪುಸ್ತಕಗಳಲ್ಲೊಂದಾದ ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯ ತೆಗೆದು ಹದಿಮೂರನೆಯ ವಚನ ತೋರಿಸಿದರು: ಕೂಲಿಯಾಳಿನ ಕೂಲಿ ಬೆಳಗಿನ ತನಕ ನಿನ್ನ ಬಳಿ ಉಳಿಯಬಾರದು.

‘ಅಪ್ಪಾ, ಅದು ಯಾಜಕಕಾಂಡ. ಆ ಕಾಲದ ರಾಜ್ಯದ ಕಾನೂನು. ಈಗ ನಾವು ಕೃಪೆಯ ಕೆಳಗಿದ್ದೇವೆ’ ಎಂದೆ.

‘ಸರಿಯಪ್ಪ. ನೀನು ಕೊಡುವ ದಶಮಾಂಶ ಯಾವ ಪುಸ್ತಕದಲ್ಲಿದೆ?’

ನಾನು ಪ್ರವಾದಿ ಮಲಾಕಿಯನ ಪುಸ್ತಕ ಎಂದೆ. ಅವರು ಅದೇ ಯಾಜಕಕಾಂಡದ ಕೊನೆಯ ಅಧ್ಯಾಯಕ್ಕೆ ಹಾಳೆ ತಿರುವಿ, ಇಪ್ಪತ್ತೇಳರ ಮೂವತ್ತನೆಯ ವಚನದ ಮೇಲೆ ಬೆರಳಿಟ್ಟರು. ಭೂಮಿಯ ಬೆಳೆಯಲ್ಲಿ ಹತ್ತನೆಯ ಪಾಲು ಕರ್ತನದು ಎಂದು ಅಲ್ಲಿದೆ. ನಾನು ಮಾತು ಬದಲಿಸಿದೆ.

ನನ್ನ ತಪ್ಪು ಯಾವುದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವೂ ಅದರ ಹೊಸ್ತಿಲಲ್ಲಿದ್ದೀರಿ. ಕೂಲಿ ತಡ ಮಾಡಿದ್ದು ತಪ್ಪೇ, ಆದರೆ ದುಡ್ಡು ಬಾರದೆ ತಡವಾಗುವುದು ಈ ಕಸುಬಿನಲ್ಲಿ ಯಾರಿಗೂ ತಪ್ಪಿದ್ದಲ್ಲ. ನಾನು ದುಡ್ಡಿದ್ದೂ ಹಿಡಿದಿಟ್ಟೆ. ಅದಕ್ಕೂ ಮುಂದೆ ಹೋಗಿ, ಹಿಡಿದಿಟ್ಟದ್ದಕ್ಕೆ ವೇದಾಂತ ಕಟ್ಟಿದೆ. ಮೊದಲು ನನಗೆ ಏನು ಲಾಭ ಎಂದು ನೋಡಿ, ಆಮೇಲೆ ಆ ವಚನ ಯಾವ ಖಾನೆಗೆ ಸೇರಬೇಕೆಂದು ತೀರ್ಮಾನಿಸಿದೆ. ಆಳಿನ ಕೂಲಿಯ ವಚನ ‘ರಾಜ್ಯದ ಕಾನೂನು’ ಖಾನೆಗೆ ಹೋಯಿತು, ದಶಮಾಂಶದ ವಚನ ‘ಎಂದೆಂದಿಗೂ’ ಖಾನೆಗೆ ಬಂತು. ದಶಮಾಂಶ ಕೊಟ್ಟರೆ ಸಭೆಯಲ್ಲಿ ಹೆಸರು ಬರುತ್ತದೆ, ಕೂಲಿ ಹೊತ್ತಿಗೆ ಸರಿಯಾಗಿ ಕೊಟ್ಟರೆ ಯಾರೂ ಸಾಕ್ಷಿ ಹೇಳಲು ವೇದಿಕೆಗೆ ಕರೆಯುವುದಿಲ್ಲ. ಹಸಿದಿರುವವನು ತಾನು ಹಸಿದಿರುವುದನ್ನು ಬಲ್ಲ. ಕಳ್ಳನೂ ತಾನು ಕದ್ದದ್ದನ್ನು ಬಲ್ಲ. ನನಗೆ ಅದೂ ತಿಳಿಯದಂತೆ ಮಾಡಿದ್ದು ಆ ಪಟ್ಟಿ. ಕದ್ದೂ ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ಮಳೆಗಾಲಕ್ಕೆ ಮುಂಚೆ ಹೊರಮಾವಿನ ಮನೆಯೊಂದರ ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟು, ಹಾಕಬೇಕಿತ್ತು. ಸೆಂಟ್ರಿಂಗ್ ಶೀಟು ಕೂರಿಸಿ ಕಂಬಿ ಕಟ್ಟಿ ಆಗಿತ್ತು. ಆ ಶನಿವಾರ ಊರಿನಿಂದ ಮೇಸ್ತ್ರಿಗೆ ಫೋನು ಬಂತು, ಅತ್ತೆ ತೀರಿಕೊಂಡಿದ್ದಾರೆ ಎಂದು. ರಾತ್ರಿಯ ಬಸ್ಸಿಗೆ ಸಂಸಾರ ಸಮೇತ ಹೊರಡಬೇಕು, ಬಾಕಿ ಪೂರ್ತಿ ಕೊಡಿ ಎಂದು ಮೇಸ್ತ್ರಿ ಕೇಳಿದರು. ಪೂರ್ತಿ ಕೊಟ್ಟರೆ ಮೋಲ್ಡ್‌ಗೆ ವಾಪಸು ಬರುತ್ತಾರೋ ಇಲ್ಲವೋ ಎಂದು ನನ್ನ ಲೆಕ್ಕ. ಬಸ್ಸಿನ ಖರ್ಚಿಗಷ್ಟೇ ಕೊಟ್ಟು, ‘ತಿಥಿ ಮುಗಿಸಿ ಬನ್ನಿ, ಎಲ್ಲ ಚುಕ್ತಾ ಮಾಡೋಣ’ ಎಂದೆ. ಅವರ ಹೆಂಡತಿ ಪಕ್ಕದಲ್ಲೇ ಗಂಟು ಕಟ್ಟುತ್ತಿದ್ದರು. ತಲೆ ಎತ್ತಿ, ‘ಸಾಹೇಬರೇ, ಅದು ನಮ್ಮ ದುಡ್ಡು. ನಿಮ್ಮನ್ನು ಸಾಲ ಕೇಳುತ್ತಿಲ್ಲ’ ಎಂದರು. ಅದಕ್ಕೆ ಉತ್ತರ ಕೊಡುವ ಗೋಜಿಗೆ ನಾನು ಹೋಗಲಿಲ್ಲ.

ಅವರು ವಾಪಸು ಬರಲಿಲ್ಲ. ಅದೇ ಊರಿನ ಉಳಿದ ಆಳುಗಳೂ ಆ ವಾರದೊಳಗೆ ಶೆಡ್ಡು ಬಿಚ್ಚಿದರು. ಶೀಟು, ಜಾಕಿಗಳ ಬಾಡಿಗೆ ದಿನಕ್ಕಿಷ್ಟು ಎಂದು ಏರುತ್ತಲೇ ಹೋಯಿತು, ಮಳೆ ಹಿಡಿದು ಕಂಬಿಗೆ ತುಕ್ಕು ಬಂತು, ಮಾಲೀಕರು ಕಂತು ನಿಲ್ಲಿಸಿ ಬೇರೆಯವರಿಗೆ ಕೆಲಸ ಒಪ್ಪಿಸಿದರು. ನನ್ನ ಹೆಸರು ಹೇಳಿದರೆ ಯಾದಗಿರಿ ಕಡೆಯ ಮೇಸ್ತ್ರಿಗಳು ಫೋನಿಡುವ ಹಾಗಾಯಿತು. ಬಳೆ ಅಡವಿಟ್ಟದ್ದು ಆಗಲೇ.

ಆಮೇಲೆ ನಾನು ಬೈಬಲನ್ನು ಮತ್ತೆ ಓದಿದೆ, ಈ ಸಲ ಖಾನೆಗಳಿಲ್ಲದೆ. ಯಾಜಕಕಾಂಡ ಹತ್ತೊಂಬತ್ತನ್ನು ನೀವೂ ಒಂದೇ ಉಸಿರಿಗೆ ಓದಿ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬುದು ಅಲ್ಲಿಯ ಹದಿನೆಂಟನೆಯ ವಚನ. ಯೇಸು ಎತ್ತಿ ಹೇಳಿದ್ದು ಅದನ್ನೇ. ಅದಕ್ಕಿಂತ ಐದು ವಚನ ಮೇಲೆ ಆಳಿನ ಕೂಲಿ ಇದೆ. ಕೆಳಗಿನ ವಚನದಲ್ಲಿ ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ತೊಡಬೇಡ ಎಂದಿದೆ. ಕೊನೆಯಲ್ಲಿ ತಕ್ಕಡಿ, ತೂಕದ ಕಲ್ಲು ನ್ಯಾಯವಾಗಿರಲಿ ಎಂದಿದೆ. ಯಾವ ವಚನಕ್ಕೂ ‘ಇದು ನೈತಿಕ, ಇದು ಆಚಾರ’ ಎಂಬ ಚೀಟಿ ಅಂಟಿಸಿಲ್ಲ. ಚೀಟಿ ಅಂಟಿಸುವವರು ನಾವು, ಮತ್ತು ನಮ್ಮ ಕೈ ಅಷ್ಟು ಶುದ್ಧವಲ್ಲ.

ಹಾಗೆಂದು ಟೆರಿಕಾಟ್ ಅಂಗಿ ಬಿಸಾಡಿ ಎನ್ನುತ್ತಿಲ್ಲ. ಬಲಿಗಳು ಕ್ರಿಸ್ತನಲ್ಲಿ ಮುಗಿದವು ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಬಿಡಿಸಿ ಹೇಳುತ್ತದೆ. ಅನ್ಯಜನರು ಸುನ್ನತಿ ಮಾಡಿಸಿಕೊಳ್ಳಬೇಕಿಲ್ಲ ಎಂದು ಯೆರೂಸಲೇಮಿನಲ್ಲಿ ಸಭೆ ಸೇರಿ ತೀರ್ಮಾನಿಸಿದ್ದು ಅಪೊಸ್ತಲರ ಕೃತ್ಯಗಳು ಹದಿನೈದರಲ್ಲಿದೆ. ಆ ಬಗ್ಗೆ ತಕರಾರಿಲ್ಲ. ಆದರೆ ಕೂಲಿಯ ವಚನವನ್ನು ಹೊಸ ಒಡಂಬಡಿಕೆ ಎಲ್ಲಿ ಬಿಟ್ಟಿದೆ? ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಎಂದು ಯಾಕೋಬ ತನ್ನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಗುಡುಗಿದ್ದಾನೆ.

ನನ್ನನ್ನು ಬೆಚ್ಚಿಬೀಳಿಸಿದ್ದು ಮಾತ್ರ ಮತ್ತಾಯ ಇಪ್ಪತ್ತು. ದ್ರಾಕ್ಷೇತೋಟದ ಯಜಮಾನನ ಸಾಮ್ಯ ನಿಮಗೂ ಬಾಯಿಪಾಠವಿರಬೇಕು: ಬೆಳಿಗ್ಗೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ಕೂಲಿ. ಕೃಪೆಯ ಬಗ್ಗೆ ಬೋಧನೆ ಎಂದರೆ ನಮ್ಮ ಸಭೆಯಲ್ಲಿ ಅದೇ. ಎಷ್ಟೋ ಸಲ ಕೇಳಿದ್ದೆ, ಆದರೆ ಎಂಟನೆಯ ವಚನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸಂಜೆಯಾದ ಕೂಡಲೇ ಯಜಮಾನ ಪಾರುಪತ್ಯಗಾರನನ್ನು ಕರೆದು, ಆಳುಗಳಿಗೆ ಕೂಲಿ ಕೊಡು ಎನ್ನುತ್ತಾನೆ. ಸಂಜೆಯೇ ಏಕೆ? ಹೊತ್ತು ಮುಳುಗುವ ಮೊದಲು ಬಡವನ ಕೂಲಿ ಕೊಡು, ಅವನ ಜೀವ ಅದರ ಮೇಲೇ ಇದೆ ಎಂದು ಧರ್ಮೋಪದೇಶಕಾಂಡ ಇಪ್ಪತ್ತನಾಲ್ಕರಲ್ಲಿ ಇರುವುದರಿಂದ. ಕೃಪೆಯ ಆ ಯಜಮಾನ ಮೊದಲು ಮೋಶೆಯ ಮಾತಿನಂತೆ ಹೊತ್ತಿಗೆ ಸರಿಯಾಗಿ ಬಟವಾಡೆ ಮಾಡುತ್ತಾನೆ. ಸಲ್ಲಬೇಕಾದುದಕ್ಕಿಂತ ಹೆಚ್ಚು ಕೊಡುವುದು ಆ ಬಟವಾಡೆಯಲ್ಲೇ. ಕೃಪೆಯ ಹೆಸರಿನಲ್ಲಿ ನಾನು ಕಡಿಮೆ ಕೊಡುತ್ತಿದ್ದೆ. ಹಾಗಾಗಿ ಧರ್ಮಶಾಸ್ತ್ರವೋ ಕೃಪೆಯೋ ಎಂಬ ನಿಮ್ಮ ಪ್ರಶ್ನೆಯ ತಳಹದಿಯೇ ಸರಿಯಿಲ್ಲ ಎಂದು ನನ್ನ ವಾದ.

ಕೈಯಲ್ಲಿ ದುಡ್ಡಾದಾಗ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಯಾದಗಿರಿಗೆ ಹೋದೆ. ಅನ್ಯಾಯವಾಗಿ ಇಟ್ಟುಕೊಂಡದ್ದನ್ನು ಐದನೆಯ ಒಂದು ಪಾಲು ಕೂಡಿಸಿ ಹಿಂದಿರುಗಿಸಬೇಕೆಂದು ಅರಣ್ಯಕಾಂಡದ ಐದನೆಯ ಅಧ್ಯಾಯದಲ್ಲಿದೆ, ಅದರಂತೆ ಲೆಕ್ಕ ಹಾಕಿ ಒಯ್ದಿದ್ದೆ. ಸ್ವಲ್ಪ ಹೆಮ್ಮೆಯೂ ಇತ್ತು. ಮೇಸ್ತ್ರಿ ಎಣಿಸಿಕೊಂಡು, ‘ಬಡ್ಡಿಗೆ ಇದು ಸಾಲದು’ ಎಂದರು. ಮಣ್ಣಿನ ಖರ್ಚಿಗೆ ನೂರಕ್ಕೆ ಹತ್ತರಂತೆ ತಿಂಗಳ ಬಡ್ಡಿಗೆ ಸಾಲ ತಂದಿದ್ದರಂತೆ. ಸುಂಕದವ ಜಕ್ಕಾಯ ಯೇಸುವಿನ ಮುಂದೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದದ್ದು ಸುಮ್ಮನೆ ಅಲ್ಲ. ಐದನೆಯ ಒಂದು ಪಾಲಿನಲ್ಲಿ ಏನು ತೀರುತ್ತದೆ ಏನು ತೀರುವುದಿಲ್ಲ ಎಂದು ಸುಂಕದವನಿಗೆ ಗೊತ್ತಿರುತ್ತದೆ. ಬಡ್ಡಿಯ ದುಡ್ಡನ್ನು ಆಮೇಲೆ ಕಳಿಸಿದೆ. ಅವರು ನನ್ನ ಸೈಟಿಗೆ ಮತ್ತೆ ಬರಲಿಲ್ಲ, ಬರುತ್ತಾರೆಂದು ನಾನು ಕಾಯುತ್ತಲೂ ಇಲ್ಲ. ಹೊಸ ಸಭೆಯಲ್ಲೇ ಇದ್ದೇನೆ, ದಶಮಾಂಶವನ್ನೂ ಕೊಡುತ್ತೇನೆ, ಆದರೆ ಬಟವಾಡೆ ಆದ ಮೇಲೆ.

ಈಗ ನಿಮ್ಮ ಬೇಕರಿ. ಭಾನುವಾರ ತೆರೆಯಬಹುದೇ ಎಂದು ಕೇಳಿದ್ದೀರಿ. ಹಬ್ಬ, ಸಬ್ಬತ್ ಎಂಬ ವಾರದ ವಿಶ್ರಾಂತಿಯ ದಿನದ ವಿಷಯದಲ್ಲಿ ಯಾರೂ ನಿಮಗೆ ತೀರ್ಪು ಮಾಡದಿರಲಿ ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಪೌಲ ಹೇಳಿದ್ದಾನೆ, ನಿಮ್ಮ ಪಾಸ್ಟರ್ ತೋರಿಸುವುದು ಆ ವಚನವನ್ನೇ ಇರಬೇಕು. ತೆರೆಯಿರಿ, ಬಿಡಿ, ಸಂಜೆಯ ಆರಾಧನೆಗೆ ಹೋಗಿ. ಆದರೆ ಸಬ್ಬತ್ ಆಜ್ಞೆಯನ್ನು ಧರ್ಮೋಪದೇಶಕಾಂಡ ಐದರಲ್ಲಿ ಓದಿ ನೋಡಿ. ಮಗ, ಮಗಳು, ಆಳು, ಎತ್ತು, ಕತ್ತೆ, ಊರಿಗೆ ಬಂದ ಪರದೇಶಿ, ಎಲ್ಲರ ಹೆಸರನ್ನೂ ಹೇಳಿ, ಆಳುಗಳಿಗೆ ನಿನ್ನ ಹಾಗೆಯೇ ವಿಶ್ರಾಂತಿ ಸಿಗಲಿ, ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ ಎಂದು ಕಾರಣ ಕೊಡುತ್ತದೆ. ನಿಮ್ಮ ವಿಶ್ರಾಂತಿ ಹೇಗೋ ಆಗುತ್ತದೆ, ಗಲ್ಲಾಪೆಟ್ಟಿಗೆಯ ಹತ್ತಿರ ಕುರ್ಚಿ ಇದೆ. ಒಲೆಯ ಮುಂದೆ ನಿಲ್ಲುವ ಹುಡುಗರಿಗೆ ವಾರದಲ್ಲಿ ಯಾವ ದಿನ ರಜೆ? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ವಾರಕ್ಕೊಂದು ರಜೆ ಕೊಡಲೇಬೇಕು ಎನ್ನುತ್ತದೆ, ಇಲ್ಲಿ ಮೋಶೆಯನ್ನು ಬಿಟ್ಟರೂ ಕಾರ್ಮಿಕ ಇಲಾಖೆಯನ್ನು ಬಿಡಲಾಗದು.

ತಂದೆಯೊಂದಿಗೆ ಜಗಳ ಬೇಡ, ಪಾಸ್ಟರ್ ಅವರೊಂದಿಗೂ ಬೇಡ. ದಶಮಾಂಶದ ಬಗ್ಗೆ ಅಪ್ಪ ನನ್ನನ್ನು ಕೇಳಿದ ಪ್ರಶ್ನೆಯನ್ನು ನೀವು ಪಾಸ್ಟರ್ ಅವರನ್ನು ವಿನಯದಿಂದ ಕೇಳಬಹುದು, ಒಳ್ಳೆಯವರಾದರೆ ನಕ್ಕು ಕುಳಿತು ಮಾತನಾಡುತ್ತಾರೆ. ನಿಮ್ಮ ಹುಡುಗರ ಸಂಬಳ ಯಾವ ತಾರೀಖಿಗೆ, ಎಷ್ಟು ಜನರದು ಬಾಕಿ ಇದೆ ಎಂದು ಪ್ರಶ್ನೆಯಲ್ಲಿ ಎಲ್ಲೂ ಬರೆದಿಲ್ಲ. ಅದನ್ನು ಬರೆಯಿರಿ, ಆಮೇಲೆ ಭಾನುವಾರದ ಮಾತು ಮುಂದುವರಿಸೋಣ.