ಕಣ್ಣು ಕಾಣದ ಮಗಳು ಖಗೋಳ ವಿಜ್ಞಾನ ಓದಬಹುದಾ?

ಪ್ರಶ್ನೆ: ನನ್ನ ಮಗಳಿಗೆ ಹುಟ್ಟಿನಿಂದಲೇ ದೃಷ್ಟಿ ಇಲ್ಲ. ಈಗ ಪಿಯುಸಿ ಓದುತ್ತಿದ್ದಾಳೆ. ನಕ್ಷತ್ರ, ಗ್ರಹ ಅಂದರೆ ಪ್ರಾಣ. ನಾಸಾದವರು ಹಾಕಿರುವ ಬಾಹ್ಯಾಕಾಶದ ಶಬ್ದಗಳನ್ನು ಯೂಟ್ಯೂಬಿನಲ್ಲಿ ಕೇಳುತ್ತಾ ಕೂರುತ್ತಾಳೆ. ಮುಂದೆ ಇದನ್ನೇ ಓದುತ್ತೇನೆ ಅಂತಾಳೆ. ಮನೆಯವರೆಲ್ಲ ‘ಅದು ಕಣ್ಣಿದ್ದವರ ಕೆಲಸ’ ಅಂತಾರೆ. ನಿಜಾನಾ?

ಉತ್ತರ: ನಿಜ ಅಲ್ಲ. ಧೈರ್ಯವಾಗಿ ಓದಿಸಿ.

ಪೋರ್ಟೊ ರಿಕೋದ ಖಗೋಳ ವಿಜ್ಞಾನಿ ವಾಂಡಾ ಡಿಯಾಜ್ ಮರ್ಸೆಡ್ ಕಾಲೇಜು ದಿನಗಳಲ್ಲಿ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡರು. ಗ್ರಾಫ್ ನೋಡಲು ಆಗಲಿಲ್ಲ, ಅದರ ಅಂಕಿಗಳನ್ನೇ ಶಬ್ದ ಮಾಡಿಕೊಂಡು ಕೇಳಲು ಶುರು ಮಾಡಿದರು. ಅದೇ ವಿಷಯದಲ್ಲಿ 2013ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಪ್ರಬಂಧ ಬರೆದರು. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ನಿಕೋಲಸ್ ಬಾನ್ ಅನ್ನುವ ಖಗೋಳ ವಿಜ್ಞಾನಿ ಇದ್ದಾರೆ, ಅವರಿಗೂ ದೃಷ್ಟಿ ದೋಷ ಇದೆ, ಗೆಲಾಕ್ಸಿಗಳನ್ನು ಮುಟ್ಟಿ ತಿಳಿಯುವ ಹಾಗೆ 3ಡಿ ಪ್ರಿಂಟ್ ಮಾಡಿ ಶಾಲಾ ಮಕ್ಕಳ ಕೈಗೆ ಕೊಡುತ್ತಾರೆ.

ಈಗಿನ ಖಗೋಳ ವಿಜ್ಞಾನಿಗಳು ದೂರದರ್ಶಕಕ್ಕೆ ಕಣ್ಣಿಟ್ಟು ಕೂರುವುದೇ ಅಪರೂಪ. ಬೆಳಕನ್ನು ಅಳೆಯುವುದು ಯಂತ್ರ. ಕೈಗೆ ಬರುವುದು ಅಂಕಿ. ಎಚ್‌ಡಿ 209458 ಅನ್ನುವ ನಕ್ಷತ್ರವನ್ನೇ ತೆಗೆದುಕೊಳ್ಳಿ. ಅದರ ಗ್ರಹ ಸುಮಾರು ಮೂರೂವರೆ ದಿನಕ್ಕೊಮ್ಮೆ ಅಡ್ಡ ಹಾಯುತ್ತದೆ, ಆಗ ಮೂರು ಗಂಟೆ ಹೊತ್ತು ನಕ್ಷತ್ರದ ಬೆಳಕು ಸುಮಾರು ಒಂದೂವರೆ ಪರ್ಸೆಂಟ್ ಕಮ್ಮಿಯಾಗುತ್ತದೆ. ಬೆಳಕು ಜಾಸ್ತಿ ಇದ್ದಾಗ ಸ್ವರ ಮೇಲೆ, ಕಮ್ಮಿಯಾದಾಗ ಕೆಳಗೆ ಅಂತ ಇಟ್ಟುಕೊಂಡು ಕೇಳಿದರೆ, ಸ್ವಲ್ಪ ನಡುಗುತ್ತಾ ಒಂದೇ ಮಟ್ಟದಲ್ಲಿ ಹೋಗುತ್ತಿದ್ದ ಸ್ವರ ಮೆಲ್ಲಗೆ ಕೆಳಗಿಳಿದು, ಅಲ್ಲೇ ಸ್ವಲ್ಪ ಹೊತ್ತು ನಿಂತು, ಮತ್ತೆ ಮೇಲಕ್ಕೆ ಬರುತ್ತದೆ. ಆ ಇಳಿತವೇ ಗ್ರಹ! ಪೈಥಾನ್ ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಒಂದು ಭಾಷೆ; ಅದರಲ್ಲಿ ಬರೆದ ಆಸ್ಟ್ರೋನಿಫೈ ಅನ್ನುವ ಉಚಿತ ಪ್ಯಾಕೇಜ್ ಇದೇ ಕೆಲಸ ಮಾಡುತ್ತದೆ.

ಅವಳು ಕೇಳುವ ನಾಸಾ ಶಬ್ದಗಳು ಚೆನ್ನಾಗಿವೆ, ಆದರೆ ಸುಮ್ನೆ ಹಾಡಿನ ಹಾಗೆ ಕೇಳಿದರೆ ಸಾಲದು. ಯಾವ ಶಬ್ದ ಯಾವುದರ ಅಳತೆ ಅಂತ ಮೊದಲು ಗೊತ್ತಿರಬೇಕು. ನಮ್ಮ ಗೆಲಾಕ್ಸಿಯ ನಡುಭಾಗದ ಚಿತ್ರವನ್ನು ಶಬ್ದ ಮಾಡಿರುವ ತುಣುಕಿನಲ್ಲಿ ಆ ಚಿತ್ರವನ್ನು ಎಡದಿಂದ ಬಲಕ್ಕೆ ಓದುತ್ತಾರೆ. ಮೇಲ್ಭಾಗದಲ್ಲಿರುವುದಕ್ಕೆ ಎತ್ತರದ ಸ್ವರ, ಹೆಚ್ಚು ಹೊಳೆಯುವುದಕ್ಕೆ ಜೋರು ಶಬ್ದ. ಇಷ್ಟು ಹೇಳಿ ಇನ್ನೊಮ್ಮೆ ಕೇಳಿಸಿ, ಕೊನೆಕೊನೆಗೆ ಶಬ್ದ ಏರುವ ಜಾಗ ಎಲ್ಲಿದೆ ಅಂತ ಕೇಳಿ. ಬಲಗಡೆ, ಕೆಳಗೆ ಅಂತ ಅವಳೇ ಹೇಳುತ್ತಾಳೆ. ಅಲ್ಲಿರುವುದು 40 ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿ.

ನಿಜವಾದ ತೊಡಕು ಬೇರೆ ಕಡೆ ಇದೆ, ನನಗೆ ಬೇಜಾರಾಗುವುದೂ ಅದಕ್ಕೇ. ಪಾಠದಲ್ಲಿ, ಪ್ರಬಂಧದಲ್ಲಿ ಗ್ರಾಫನ್ನು ಬರೀ ಚಿತ್ರವಾಗಿ ಅಂಟಿಸಿರುತ್ತಾರೆ. ಪರದೆ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ‘ಗ್ರಾಫಿಕ್’ ಅಂದು ಮುಂದೆ ಹೋಗುತ್ತದೆ. ಹಾಗಾಗಿ ಗ್ರಾಫ್ ಎಲ್ಲೇ ಸಿಗಲಿ, ಅದರ ಹಿಂದಿನ ಅಂಕಿಗಳ ಟೇಬಲ್ ಕೇಳಿ ಪಡೆಯುವುದನ್ನು ಅವಳು ರೂಢಿ ಮಾಡಿಕೊಳ್ಳಬೇಕು. ಬೇರೆ ನಕ್ಷತ್ರಗಳ ಗ್ರಹಗಳ ಮಾಹಿತಿ ಇಟ್ಟಿರುವ ನಾಸಾದ ಎಕ್ಸೋಪ್ಲಾನೆಟ್ ಆರ್ಕೈವ್‌ನಿಂದ ಟೇಬಲ್‌ಗಳನ್ನು ಸಿಎಸ್‌ವಿ ಫೈಲಾಗಿ (ಅಂದರೆ ಬರೀ ಅಕ್ಷರ, ಅಂಕಿಗಳ ಫೈಲು) ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದಲ್ಲಿ ಆಸ್ಟ್ರೋಸ್ಯಾಟ್ ಅನ್ನುವ ಖಗೋಳ ವೀಕ್ಷಣಾ ಉಪಗ್ರಹದ ಮಾಹಿತಿಯೂ ಇದೆ, ಅದು ಎಂಎಸ್ಸಿ ಹೊತ್ತಿಗೆ ಸಾಕು. ಎನ್‌ವಿಡಿಎ ಸ್ಕ್ರೀನ್ ರೀಡರ್ ಉಚಿತ, ಕನ್ನಡವನ್ನೂ ಓದುತ್ತದೆ. ಅದರ ಜೊತೆ ಪೈಥಾನ್ ಕಲಿಸಲು ಈಗಲೇ ಶುರು ಮಾಡಿ, ಡಿಗ್ರಿವರೆಗೂ ಕಾಯಬೇಡಿ.

ಇನ್ನೊಂದು ವಿಷಯ. ಹುಟ್ಟಿನಿಂದ ಕಾಣದವರಿಗೆ ಗ್ರಾಫ್ ಅನ್ನುವ ಕಲ್ಪನೆಯೇ ಕೈಯಿಂದ ಬರಬೇಕು. ಒಂದು ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ, ಎರಡು ಅಕ್ಷಗಳಿಗೆ ದಪ್ಪ ದಾರ, ಮೇಲೆ ಹೇಳಿದ ನಕ್ಷತ್ರದ ಬೆಳಕಿನ ರೇಖೆಗೆ ಸಣ್ಣ ದಾರ ಅಂಟಿಸಿ. ಒಣಗಿದ ಮೇಲೆ ಬೆರಳು ಆಡಿಸುತ್ತಲೇ ಆ ಶಬ್ದ ಕೇಳಲಿ. ಕಾಲೇಜಿನ ಫಿಸಿಕ್ಸ್ ಮೇಷ್ಟ್ರಿಗೂ ಈ ರಟ್ಟು ತೋರಿಸಿ, ಪ್ರಾಕ್ಟಿಕಲ್‌ನ ರೀಡಿಂಗುಗಳನ್ನು ಅವಳಿಗೆ ಫೈಲಿನಲ್ಲೇ ಕೊಡಿ ಅಂತ ಕೇಳಿಕೊಳ್ಳಿ.