ಕನ್ನಡಕ ಎಷ್ಟು ಕಪ್ಪಿದ್ದರೆ ಸಾಕು?

ಓದುಗರ ಪ್ರಶ್ನೆಗಳಿಗೆ ಕಲಬುರಗಿಯ ನೇತ್ರವೈದ್ಯೆಯ ಉತ್ತರ

ಪ್ರಶ್ನೆ: ನನ್ನ ತಂದೆ ಕಲ್ಲಿನ ಗಣಿಯಲ್ಲಿ ದುಡಿಯುತ್ತಾರೆ. ಬಲಗಣ್ಣಿನಲ್ಲಿ ಮೂಗಿನ ಕಡೆಯಿಂದ ಕೆಂಪು ಮಾಂಸದಂಥದ್ದು ಬೆಳೆದು ಕರಿಗುಡ್ಡೆಯ ಅಂಚಿಗೆ ಬಂದಿದೆ. ನೆರೆಯವರು ಪೊರೆ ಎನ್ನುತ್ತಾರೆ. ಶರಣಬಸವೇಶ್ವರ ಜಾತ್ರೆಯಲ್ಲಿ ಕಡುಗಪ್ಪು ಗಾಜಿನ ತಂಪು ಕನ್ನಡಕ ತಂದುಕೊಟ್ಟೆ. ‘ಈ ವಯಸ್ಸಿನಲ್ಲಿ ನನಗೇಕೆ ಈ ಶೋಕಿ’ ಎಂದು ತೆಗೆದಿಟ್ಟಿದ್ದಾರೆ. ಏನು ಮಾಡಲಿ?
(ಓದುಗರು, ಶಹಾಬಾದ್)

ಉತ್ತರ: ನೀವು ಬರೆದಿರುವ ಲಕ್ಷಣ ನೋಡಿದರೆ ಇದು ಪೊರೆಯಲ್ಲ. ಪೊರೆ ಬರುವುದು ಕಣ್ಣಿನೊಳಗಿನ ಮಸೂರಕ್ಕೆ. ಅದು ಮಾಂಸದಂತೆ ಹೊರಗೆ ಬೆಳೆಯುವುದಿಲ್ಲ. ಇದು ಬಹುತೇಕ ಟೆರಿಜಿಯಂ. ಬಿಸಿಲಿನ ನೇರಳಾತೀತ ಕಿರಣ ವರ್ಷಗಟ್ಟಲೆ ತಾಗಿದವರಲ್ಲಿ ಇದು ಹೆಚ್ಚು. ಗಣಿ ಕೆಲಸದವರಲ್ಲಿ, ಹೊಲದ ಕೆಲಸದವರಲ್ಲಿ ನಾನು ಇದನ್ನು ನೋಡುತ್ತಲೇ ಇರುತ್ತೇನೆ. ಆದರೂ ಕಣ್ಣನ್ನು ಪರೀಕ್ಷಿಸದೆ ಖಚಿತವಾಗಿ ಹೇಳುವಂತಿಲ್ಲ, ಒಮ್ಮೆ ತೋರಿಸಲೇಬೇಕು.

ಇದು ಸಾಮಾನ್ಯವಾಗಿ ಮೂಗಿನ ಕಡೆಯೇ ಬೆಳೆಯಲು ಕಾರಣವಿದೆ. ಕಿವಿಯ ಕಡೆಯಿಂದ ಓರೆಯಾಗಿ ಬಂದ ಬೆಳಕನ್ನು ಕಣ್ಣಿನ ಮುಂದಿನ ಉಬ್ಬಿದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಬಾಗಿಸಿ ಎದುರು ಅಂಚಿನ ಮೇಲೆ ಒಟ್ಟುಗೂಡಿಸುತ್ತದೆ. ಆ ಎದುರು ಅಂಚು ಮೂಗಿನ ಪಕ್ಕದ್ದು. ಇನ್ನೊಂದು ಬದಿಯಿಂದ ಬರುವ ಓರೆ ಬೆಳಕಿಗೆ ಮೂಗೇ ಅಡ್ಡ ನಿಲ್ಲುತ್ತದೆ. ಹಾಗಾಗಿ ಎದುರಿಗಷ್ಟೇ ಗಾಜಿದ್ದು ಪಕ್ಕಕ್ಕೆ ಬಯಲಾಗಿರುವ ಕನ್ನಡಕ ಅರ್ಧ ರಕ್ಷಣೆ ಮಾತ್ರ. ಕೆನ್ನೆಗೂ ಕಣತಲೆಗೂ ಒತ್ತಿಕೊಂಡು ಕೂರುವಂಥದ್ದು ಬೇಕು.

ಇನ್ನು ಕಪ್ಪಿನ ಮಾತು. ಗಾಜಿನ ಕಪ್ಪು ಕಣ್ಣು ಕೋರೈಸುವುದನ್ನು ತಗ್ಗಿಸುತ್ತದೆ, ಅಷ್ಟೆ. ನೇರಳಾತೀತ ಕಿರಣವನ್ನು ತಡೆಯುವುದು ಬೇರೆಯದೇ ಗುಣ. ಅದು ಬಣ್ಣವೇ ಇಲ್ಲದ ಗಾಜಿಗೂ ಇರಬಹುದು. ಬಟ್ಟೆ ಅಂಗಡಿಗಳಲ್ಲಿ ಖೋಟಾ ನೋಟು ಪತ್ತೆ ಮಾಡುವ ನೇರಳೆ ದೀಪ ಇರುತ್ತದಲ್ಲ, ಅಂಥದ್ದರ ಕೆಳಗೆ ಐನೂರರ ನೋಟು ಇಟ್ಟು ರೋಗಿಗಳಿಗೆ ಇದನ್ನು ತೋರಿಸುತ್ತೇನೆ. ನೋಟಿನ ಎಳೆಗಳು ಮಿನುಗುತ್ತವೆ. ದೀಪಕ್ಕೂ ನೋಟಿಗೂ ನಡುವೆ ನನ್ನ ಓದುವ ಕನ್ನಡಕದ ಬಿಳಿ ಗಾಜು ಹಿಡಿದರೆ ಮಿನುಗು ಆರಿಹೋಗುತ್ತದೆ. ಒಬ್ಬ ಹುಡುಗ ತಂದಿದ್ದ ಕಡುಗಪ್ಪು ಗಾಜು ಹಿಡಿದಾಗ ಎಳೆಗಳು ಮಿನುಗುತ್ತಲೇ ಇದ್ದವು. ಇದು ಅಂದಾಜಿನ ಪರೀಕ್ಷೆ, ದೀಪವನ್ನು ನೇರವಾಗಿ ನೋಡಲೂಬಾರದು. ನಿಖರವಾಗಿ ತಿಳಿಯಬೇಕಾದರೆ ಕನ್ನಡಕದ ಅಂಗಡಿಗಳಲ್ಲಿ ಇದಕ್ಕೆಂದೇ ಪುಟ್ಟ ಯಂತ್ರ ಇಟ್ಟುಕೊಂಡಿರುತ್ತಾರೆ. ಅಳೆದು ತೋರಿಸಿ ಎಂದು ಧೈರ್ಯವಾಗಿ ಕೇಳಿ. ಚೀಟಿಯ ಮೇಲೆ ‘ಯುವಿ 400’ ಎಂದಿರಬೇಕು, ಅಂದರೆ 400 ನ್ಯಾನೋಮೀಟರ್ ತರಂಗಾಂತರದ ವರೆಗಿನ ನೇರಳಾತೀತ (ಯುವಿ) ಕಿರಣಗಳಿಗೆ ತಡೆ. ‘ಪೋಲರೈಸ್ಡ್’ ಎಂಬ ಚೀಟಿ ನೀರು, ರಸ್ತೆಗಳಿಂದ ಬರುವ ಪ್ರತಿಫಲನಕ್ಕೆ ಸಂಬಂಧಿಸಿದ್ದು. ಅದೊಂದನ್ನೇ ನಂಬಿ ಕೊಳ್ಳಬೇಡಿ.

ತಡೆಯುವ ಗುಣವಿಲ್ಲದ ಕಪ್ಪು ಗಾಜಿನ ಹಿಂದೆ ಇನ್ನೊಂದು ಅಪಾಯವಿದೆ. ಕತ್ತಲೆ ಕಂಡ ಕಣ್ಣುಪಾಪೆ ಹಿಗ್ಗುತ್ತದೆ, ಬಿಸಿಲಿಗೆ ತಾನಾಗಿ ಕಿರಿದಾಗುತ್ತಿದ್ದ ರೆಪ್ಪೆಗಳೂ ಅಗಲವಾಗಿ ತೆರೆಯುತ್ತವೆ. ಹಾಗಂತ ಅಗ್ಗದ್ದೆಲ್ಲ ಕೆಟ್ಟದ್ದಲ್ಲ, ದುಬಾರಿಯದೆಲ್ಲ ಒಳ್ಳೆಯದೂ ಅಲ್ಲ. ಜಾತ್ರೆಯಲ್ಲಿ ತಂದದ್ದನ್ನು ಬಿಸಾಡುವ ಮೊದಲು ಅಳೆಸಿ ನೋಡಿ.

ನಿಮ್ಮ ತಂದೆಯವರಿಗೆ ಮಾತ್ರ ನಾನು ತಂಪು ಕನ್ನಡಕಕ್ಕಿಂತ ಪಾಲಿಕಾರ್ಬೊನೇಟ್‌ನ ಸುರಕ್ಷಾ ಕನ್ನಡಕವನ್ನೇ ಹೇಳುತ್ತೇನೆ. ಆ ವಸ್ತುವಿಗೆ ನೇರಳಾತೀತ ಕಿರಣ ತಡೆಯುವ ಗುಣ ಹುಟ್ಟಿನಿಂದಲೇ ಇದೆ, ಸಿಡಿದ ಕಲ್ಲಿನ ಚೂರನ್ನೂ ಅದು ತಡೆಯುತ್ತದೆ, ಪಕ್ಕದ ಮುಚ್ಚಿಗೆಯೂ ಇರುತ್ತದೆ. ಬಣ್ಣವಿಲ್ಲದ್ದನ್ನೇ ಕೊಡಿಸಿದರೆ ಶೋಕಿ ಎಂಬ ಸಂಕೋಚಕ್ಕೂ ಎಡೆಯಿಲ್ಲ. ಉಳಿ, ಸುತ್ತಿಗೆಯಂತೆ ಅದೂ ಕೆಲಸದ ಸಾಮಾನು ಎಂದು ಅವರಿಗೆ ಹೇಳಿ. ತಲೆಗೆ ಸುತ್ತಿದ ರುಮಾಲು ಹಣೆಯ ಮೇಲೆ ಮುಂದಕ್ಕೆ ಚಾಚಿರುವುದಿಲ್ಲ, ಆದ್ದರಿಂದ ಅದರ ಮೇಲೊಂದು ಅಗಲ ಅಂಚಿನ ಟೋಪಿಯೂ ಇರಲಿ.

ಕೈಮುಗಿದು ಕೇಳುವ ಮಾತು ಒಂದಿದೆ. ಕೆಂಪು ಕಡಿಮೆಯಾಗಲೆಂದು ಔಷಧ ಅಂಗಡಿಯಲ್ಲಿ ಕೇಳಿ ತಂದ ಹನಿಗಳನ್ನು ತಿಂಗಳುಗಟ್ಟಲೆ ಹಾಕಬೇಡಿ. ಅವುಗಳಲ್ಲಿ ಸ್ಟಿರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಟೆರಿಜಿಯಂ ಕಣ್ಣುಪಾಪೆಯತ್ತ ಸರಿಯುತ್ತಿದ್ದರೆ, ನೋಟ ಮಸುಕಾಗುತ್ತಿದ್ದರೆ ಶಸ್ತ್ರಚಿಕಿತ್ಸೆಯಿದೆ. ಬರೀ ಕಿತ್ತು ತೆಗೆದರೆ ಮತ್ತೆ ಬೆಳೆಯುವ ಸಂಭವ ಹೆಚ್ಚು. ಅದೇ ಕಣ್ಣಿನ ಮೇಲ್ಭಾಗದ ತೆಳುಪೊರೆಯನ್ನು ಅಲ್ಲಿಗೆ ಕಸಿ ಮಾಡಿದರೆ ಆ ಸಂಭವ ಬಹಳ ಕಡಿಮೆಯಾಗುತ್ತದೆ. ಯಾವ ವಿಧಾನ ಎಂದು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ವೆಲ್ಡಿಂಗ್ ಅಂಗಡಿಯಲ್ಲಿ ಸಹಾಯಕ. ಹಗಲು ಏನೂ ಆಗಿರುವುದಿಲ್ಲ, ರಾತ್ರಿ ಕಣ್ಣಿಗೆ ಮರಳು ಸುರಿದಂತೆ ಉರಿ, ನೀರು. ತಾಯಿಯ ಹಾಲು ಹಾಕಿಸು ಎನ್ನುತ್ತಾರೆ.
(ಓದುಗರು, ಜೇವರ್ಗಿ)

ಉತ್ತರ: ಹಾಲೂ ಬೇಡ, ಹರಳೆಣ್ಣೆಯೂ ಬೇಡ. ವೆಲ್ಡಿಂಗ್ ಕಿಡಿಯ ನೇರಳಾತೀತ ಕಿರಣದಿಂದ ನಿಮ್ಮ ಕಾರ್ನಿಯಾದ ಮೇಲ್ಪದರ ಸುಟ್ಟಿದೆ. ನೋವು ಕೆಲವು ಗಂಟೆಗಳ ನಂತರವೇ ಶುರುವಾಗುತ್ತದೆ, ಅದಕ್ಕೇ ರಾತ್ರಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮಾಯುತ್ತದೆ. ಕಣ್ಣು ಉಜ್ಜಬೇಡಿ, ಮರುದಿನವೇ ವೈದ್ಯರಿಗೆ ತೋರಿಸಿ. ಮರಗಟ್ಟಿಸುವ ಹನಿಯನ್ನು ಮನೆಗೆ ತಂದು ಹಾಕಿಕೊಳ್ಳಬಾರದು, ಅದು ಗಾಯ ಮಾಯುವುದನ್ನೇ ತಡೆಯುತ್ತದೆ. ಬೆಸುಗೆ ಹಾಕುವವನ ಕೈಯಲ್ಲಿ ಮುಖವಾಡವಿದ್ದು ಕಬ್ಬಿಣ ಹಿಡಿದುಕೊಳ್ಳುವ ನಿಮಗೆ ಇಲ್ಲದಿರುವುದು ಅನ್ಯಾಯ. ಮಾಲೀಕರನ್ನು ಕೇಳಿ, ಈ ಪುಟವನ್ನೇ ತೋರಿಸಿ. ತಂಪು ಕನ್ನಡಕ ಈ ಕೆಲಸಕ್ಕೆ ಸಾಲದು.

ಪ್ರಶ್ನೆ: ನಾನು ಶಿಕ್ಷಕಿ, ದಿನವೂ ಕಲಬುರಗಿಯಿಂದ ಸ್ಕೂಟರ್‌ನಲ್ಲಿ ಹೋಗಿಬರುತ್ತೇನೆ. ಚಳಿಗಾಲದಲ್ಲಿ, ಮೋಡವಿದ್ದಾಗಲೂ ಕಣ್ಣಿಗೆ ರಕ್ಷಣೆ ಬೇಕೇ? ಹೆಲ್ಮೆಟ್ಟಿನ ಗಾಜು ಸಾಲದೇ?
(ಓದುಗರು, ಆಳಂದ ರಸ್ತೆ)

ಉತ್ತರ: ಬೇಕು. ಸೆಖೆಗೂ ನೇರಳಾತೀತ ಕಿರಣಕ್ಕೂ ಸಂಬಂಧವಿಲ್ಲ. ತೆಳು ಮೋಡವನ್ನು ಅದು ಸುಲಭವಾಗಿ ದಾಟುತ್ತದೆ. ಯುವಿ ಸೂಚ್ಯಂಕ, ಅಂದರೆ ಬಿಸಿಲಿನಲ್ಲಿ ಈ ಕಿರಣ ಎಷ್ಟು ತೀವ್ರ ಎಂಬ ಅಳತೆ, 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೊಗರಿ ಕಟಾವಿನ ಡಿಸೆಂಬರ್‌ನಲ್ಲೂ ನಮ್ಮಲ್ಲಿ ನಡುಹಗಲಿಗೆ ಅದು 3ಕ್ಕಿಂತ ಮೇಲೆಯೇ ಇರುತ್ತದೆ. ಹೆಲ್ಮೆಟ್ಟಿನ ಪಾಲಿಕಾರ್ಬೊನೇಟ್ ಗಾಜು ಬಿಳಿಯದಾದರೂ ಕಿರಣದ ಬಹುಭಾಗವನ್ನು ತಡೆಯುತ್ತದೆ, ಆದರೆ ಅದನ್ನು ಕೆಳಗಿಳಿಸಿಕೊಂಡಿದ್ದರೆ ಮಾತ್ರ. ಸೆಖೆಯೆಂದು ಮೇಲಕ್ಕೆತ್ತಿ ಓಡಿಸುವವರನ್ನೇ ನಾನು ಹೆಚ್ಚು ಕಾಣುತ್ತೇನೆ. ಗೀರು ಬಿದ್ದ ಗಾಜನ್ನು ಬದಲಿಸಿ, ಕಪ್ಪು ಗಾಜಿನ ಹೆಲ್ಮೆಟ್ ರಾತ್ರಿ ಬೇಡ. ಶಾಲೆಯ ಮಕ್ಕಳ ಬಗೆಗೂ ಯೋಚಿಸಿ: ಅವರ ಕಣ್ಣಿನ ಮಸೂರ ದೊಡ್ಡವರದ್ದಕ್ಕಿಂತ ತಿಳಿಯಾಗಿರುವುದರಿಂದ ಕಿರಣ ಹೆಚ್ಚು ಒಳಗಿಳಿಯುತ್ತದೆ. ಪ್ರಾರ್ಥನೆಗೆ ಸಾಲು ನಿಲ್ಲಿಸುವಾಗ ಮುಖ ಸೂರ್ಯನ ಕಡೆಗಿರದಂತೆ ತಿರುಗಿಸಿ ನಿಲ್ಲಿಸಿ, ಆಟದ ಅವಧಿಯನ್ನು ಆದಷ್ಟು ಬೆಳಗಿನ ಹೊತ್ತಿಗೇ ಇರಿಸಲು ಮುಖ್ಯ ಶಿಕ್ಷಕರೊಂದಿಗೆ ಮಾತಾಡಿ.