ಜೋಡಿ ತಂತಿಗಳ ಕನೆಕ್ಟರ್‌ಗೆ ಬಂದ ಪರೀಕ್ಷಾ ವರದಿ: ಕ್ಲೇಮಿನಲ್ಲಿ ‘ಜೋಡಿ’ ಎಂದರೆ ಯಾವುದು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಹುರಿಗೊಳಿಸಿದ ನಾಲ್ಕು ಜೋಡಿ ತಂತಿಗಳಿಗಾಗಿ ನೀವು ಒಂದು ಕನೆಕ್ಟರ್ ರೂಪಿಸಿ ಪೇಟೆಂಟ್‌ಗೆ ಅರ್ಜಿ ಹಾಕಿದ್ದೀರಿ, ಪರೀಕ್ಷಕರು ಒಂದು ಹಳೆಯ ದಾಖಲೆಯನ್ನು (ವರದಿಯಲ್ಲಿ ಅದು ಡಿ1) ತೋರಿಸಿ ಮೊದಲನೆಯ ಕ್ಲೇಮಿನಲ್ಲಿ (ಯಾವುದರ ಮೇಲೆ ಹಕ್ಕು ಕೇಳುತ್ತೀರಿ ಎಂದು ಹೇಳುವ ವಾಕ್ಯದಲ್ಲಿ) ಹೊಸತನವಿಲ್ಲ ಎಂದಿದ್ದಾರೆ, ಉಳಿದ ಕ್ಲೇಮುಗಳನ್ನು, ಡಿ1 ಮತ್ತು ಇನ್ನೊಂದು ಹಳೆಯ ದಾಖಲೆ ಡಿ2 ಎರಡನ್ನೂ ಕೂಡಿಸಿದರೆ ನುರಿತ ಎಂಜಿನಿಯರ್‌ಗೆ ಸಹಜವಾಗಿ ಹೊಳೆಯುವಂಥವು ಎಂದು ತಳ್ಳಿಹಾಕಿದ್ದಾರೆ. ಡಿ1ರಲ್ಲಿ ಜೋಡಿ ತಂತಿಯ ಮಾತೇ ಇಲ್ಲ, ಕ್ರಾಸ್‌ಟಾಕ್ (ಒಂದು ಜೋಡಿಯ ಸಂಕೇತ ಪಕ್ಕದ ಜೋಡಿಗೆ ಸೋರುವುದು) ಎಂಬ ಪದವೂ ಇಲ್ಲ, ಹೀಗಿರುವಾಗ ಪರೀಕ್ಷಕರು ಅದನ್ನು ಸರಿಯಾಗಿ ಓದಿಯೇ ಇಲ್ಲ ಎಂದು ಉತ್ತರ ಕೊಡಬಹುದೇ ಎಂದು ಕೇಳಿದ್ದೀರಿ. ಹಾಗೆ ಕೊಡಬೇಡಿ ಎಂಬುದು ನನ್ನ ಅಭಿಪ್ರಾಯ. ಕನೆಕ್ಟರ್‌ಗಳ ಪೇಟೆಂಟ್ ಅರ್ಜಿ ಬರೆಯುವುದೇ ನನ್ನ ವೃತ್ತಿ. ನೀವು ಹಾಕಿರುವ ಕ್ಲೇಮನ್ನೂ ಚಿತ್ರಗಳನ್ನೂ ಎರಡೆರಡು ಸಲ ನೋಡಿದ ಮೇಲೆ ನನಗೆ ಅನಿಸಿದ್ದೆಂದರೆ, ಪರೀಕ್ಷಕರು ಡಿ1 ಅನ್ನೂ ಸರಿಯಾಗಿ ಓದಿದ್ದಾರೆ, ನಿಮ್ಮ ಕ್ಲೇಮನ್ನೂ ಸರಿಯಾಗಿ ಓದಿದ್ದಾರೆ. ನೀವು ಕೇಳಿಕೊಂಡ ಹಕ್ಕು ಮಾತ್ರ ನೀವು ಮಾಡಿದ ಕೆಲಸಕ್ಕಿಂತ ಬಹಳ ಅಗಲವಾಗಿದೆ.

ನಿಮ್ಮ ಮೊದಲನೆಯ ಕ್ಲೇಮು ಹೀಗಿದೆ: “ಜೋಡಿ ವಾಹಕಗಳಿಗಾಗಿ ಇರುವ ಕನೆಕ್ಟರ್, ಅದರಲ್ಲಿ ವಿದ್ಯುನ್ನಿರೋಧಕ ಕವಚವೂ ಕನಿಷ್ಠ ಎರಡು ಜೋಡಿ ಸಂಪರ್ಕ ಪಿನ್ನುಗಳೂ ಇದ್ದು, ಒಂದು ಜೋಡಿಯಿಂದ ಇನ್ನೊಂದಕ್ಕೆ ಆಗುವ ಕ್ರಾಸ್‌ಟಾಕ್ ಕಡಿಮೆಯಾಗುವಂತೆ ಆ ಪಿನ್ನುಗಳನ್ನು ಇರಿಸಲಾಗಿದೆ.” ಇದರಲ್ಲಿ ನಿಮ್ಮ ಮನಸ್ಸಿನಲ್ಲಿರುವ ಜೋಡಿ ಎಲ್ಲಿದೆ ಎಂದು ಹುಡುಕಿ ನೋಡಿ. ತಂತಿಗಳು ಕ್ಲೇಮಿನ ಒಳಗಿಲ್ಲ, ಏಕೆಂದರೆ ನೀವು ಕೇಳಿರುವುದು ಕನೆಕ್ಟರ್‌ಗೆ, ಕೇಬಲ್ ಕೂಡಿದ ಕನೆಕ್ಟರ್‌ಗೆ ಅಲ್ಲ. “ಜೋಡಿ ವಾಹಕಗಳಿಗಾಗಿ” ಎಂಬ ಮಾತನ್ನು ಪರೀಕ್ಷಕರು ‘ಜೋಡಿ ವಾಹಕಗಳಿಗೆ ಬಳಸಲು ಬರುವಂಥ’ ಎಂದು ಓದುತ್ತಾರೆ. ಯುರೋಪಿಯನ್ ಪೇಟೆಂಟ್ ಕಚೇರಿಯಲ್ಲಿ ಇದು ನಿಯಮದಂತೆಯೇ ನಡೆಯುತ್ತದೆ, ಬೇರೆ ಕಚೇರಿಗಳಲ್ಲಿಯೂ ಫಲಿತಾಂಶ ಹೆಚ್ಚೇನೂ ಭಿನ್ನವಾಗುವುದಿಲ್ಲ. ಉಳಿದದ್ದು ಪಿನ್ನುಗಳು. ಎಂಟು ಪಿನ್ನುಗಳಿರುವ ಯಾವುದೇ ಹಳೆಯ ಕನೆಕ್ಟರ್ ತೆಗೆದುಕೊಂಡು ಯಾವ ಎರಡನ್ನು ಬೇಕಾದರೂ ಜೋಡಿ ಎಂದು ಕರೆಯಬಹುದು, ಬೇಡವೆನ್ನಲು ಕ್ಲೇಮಿನಲ್ಲಿ ಒಂದು ಪದವೂ ಇಲ್ಲ. ಜೋಡಿ ಎಂಬುದು ಲೋಹದಲ್ಲಿ ಇರುವ ಗುಣವಲ್ಲ, ತಂತಿ ಹಾಕಿದವನು ಎರಡು ಪಿನ್ನುಗಳಿಗೆ ಸಮಾನವೂ ವಿರುದ್ಧವೂ ಆದ ಸಂಕೇತ ಕೊಟ್ಟಾಗ ಹುಟ್ಟುವ ಸಂಬಂಧ. ಆ ಸಂಬಂಧವನ್ನು ಪಿನ್ನುಗಳ ಜಾಗದ ಭಾಷೆಗೆ ಇಳಿಸಿ ಬರೆಯದಿದ್ದರೆ ಪರೀಕ್ಷಕರಿಗೆ ಅದು ಕಾಣುವುದಿಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಕಕ್ಷಿದಾರರೊಬ್ಬರ ಅರ್ಜಿಯ ಪರವಾಗಿ, ಹಳೆಯ ದಾಖಲೆಯಲ್ಲಿ ಹುರಿಗೊಳಿಸಿದ ತಂತಿ ಇಲ್ಲವೆಂದು ಆರು ಪುಟಗಳ ವಾದ ಬರೆದೆ. “ನಿಮ್ಮ ಕ್ಲೇಮಿನಲ್ಲಿಯೂ ಇಲ್ಲ” ಎಂಬ ಒಂದೇ ಸಾಲಿನ ಉತ್ತರ ಬಂತು.

‘ಕ್ರಾಸ್‌ಟಾಕ್ ಕಡಿಮೆಯಾಗುವಂತೆ’ ಎಂಬ ಭಾಗ ನಿಮ್ಮನ್ನು ಕಾಪಾಡುತ್ತದೆ ಎಂದು ನೀವು ನಂಬಿದ್ದೀರಿ. ಅದು ಪಡೆಯಬೇಕಾದ ಫಲವನ್ನು ಹೇಳುತ್ತದೆಯೇ ಹೊರತು ಪಡೆಯುವ ಬಗೆಯನ್ನು ಹೇಳುವುದಿಲ್ಲ, ಅಲ್ಲದೆ ಯಾವುದಕ್ಕಿಂತ ಕಡಿಮೆ ಎಂಬುದೂ ಅದರಲ್ಲಿಲ್ಲ. ವರದಿಯ ಕೊನೆಯಲ್ಲಿ ಸ್ಪಷ್ಟತೆಯಿಲ್ಲ ಎಂಬ ಆಕ್ಷೇಪ ಬಂದಿರುವುದು ಇದಕ್ಕೇ. ದಾಖಲೆಯಲ್ಲಿ ಕ್ರಾಸ್‌ಟಾಕ್ ಎಂಬ ಪದ ಇಲ್ಲದಿರುವುದೂ ಮುಖ್ಯವಲ್ಲ. ಪಿನ್ನುಗಳು ಅದೇ ಜಾಗದಲ್ಲಿದ್ದರೆ ಅದೇ ಫಲ ತಾನಾಗಿಯೇ ಬರುತ್ತದೆ, ಬರೆದವರಿಗೆ ಅದು ಗೊತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆ ಹೊಸತನದ ಪರೀಕ್ಷೆಯಲ್ಲಿ ಏಳುವುದಿಲ್ಲ.

ಈಗ ಡಿ1ರ ಚಿತ್ರವನ್ನು ನೋಡೋಣ. ಎರಡು ಸಾಲು, ಸಾಲಿಗೆ ನಾಲ್ಕು ಪಿನ್ನು, ಮೇಲಿನ ಸಾಲು ಕೆಳಗಿನದಕ್ಕಿಂತ ಅರ್ಧ ಅಂತರದಷ್ಟು ಪಕ್ಕಕ್ಕೆ ಸರಿದಿದೆ. ಅಂದರೆ ಮೇಲಿನ ಮೊದಲ ಪಿನ್ನು ಕೆಳಗಿನ ಮೊದಲನೆಯ ಮತ್ತು ಎರಡನೆಯ ಪಿನ್ನುಗಳಿಂದ ಸಮದೂರದಲ್ಲಿದೆ. ಕೆಳಗಿನ ಆ ಎರಡನ್ನು ಒಂದು ಜೋಡಿ ಎಂದುಕೊಂಡರೆ, ಒಂದರ ಧನ ಸಂಕೇತದ ಪ್ರಭಾವವೂ ಇನ್ನೊಂದರ ಋಣ ಸಂಕೇತದ ಪ್ರಭಾವವೂ ಮೇಲಿನ ಪಿನ್ನಿನಲ್ಲಿ ಪರಸ್ಪರ ರದ್ದಾಗುತ್ತವೆ. ಪರೀಕ್ಷಕರು ವರದಿಯ ಮೂರನೆಯ ಪ್ಯಾರಾದಲ್ಲಿ ಹೇಳಿರುವುದು ಇದನ್ನೇ, ಮತ್ತು ಇದು ಅಪ್ಪಟ ಭೌತಶಾಸ್ತ್ರ. ಆದರೆ ಮೇಲಿನ ಎರಡನೆಯ ಪಿನ್ನನ್ನು ನೋಡಿ: ಅದು ಕೆಳಗಿನ ಎರಡನೆಯದಕ್ಕೆ ಹತ್ತಿರ, ಮೊದಲನೆಯದಕ್ಕೆ ದೂರ. ಎರಡು ಸಾಲುಗಳಷ್ಟೇ ಇರುವುದರಿಂದ, ಕೆಳಗಿನ ಜೋಡಿಯ ನಡುಗೆರೆಯ ಮೇಲೆ ಒಂದೇ ಪಿನ್ನು ಕೂರಬಲ್ಲದು, ಅದರ ಸಂಗಾತಿ ಕೂರಲಾರದು. ಡಿ1ರಲ್ಲಿ ಕ್ರಾಸ್‌ಟಾಕ್ ಅರ್ಧದಾರಿಯವರೆಗೆ ಮಾತ್ರ ರದ್ದಾಗುತ್ತದೆ.

ನಿಮ್ಮ ನಾಲ್ಕನೆಯ ಚಿತ್ರದಲ್ಲಿ ಹಾಗಿಲ್ಲ. ಮೊದಲ ಜೋಡಿ ಅಡ್ಡಲಾಗಿ ಮಲಗಿದೆ, ಪಕ್ಕದ ಜೋಡಿ ನೆಟ್ಟಗೆ ನಿಂತಿದೆ, ಮೂರನೆಯದು ಮತ್ತೆ ಮಲಗಿದೆ, ನಾಲ್ಕನೆಯದು ನಿಂತಿದೆ. ಮಲಗಿದ ಜೋಡಿಯ ಎರಡೂ ಪಿನ್ನುಗಳು, ನಿಂತ ಜೋಡಿಯ ಎರಡು ಪಿನ್ನುಗಳ ನಡುಗೆರೆಯ ಮೇಲೆಯೇ ಇವೆ. ಮಲಗಿದ ಜೋಡಿಯ ಪಿನ್ನುಗಳು ಮಧ್ಯಬಿಂದುವಿನಿಂದ ಎಡಬಲಕ್ಕೆ 1 ಮಿ.ಮೀ., ನಿಂತ ಜೋಡಿ 5 ಮಿ.ಮೀ. ಆಚೆ, ಮೇಲೆ ಕೆಳಗೆ 1 ಮಿ.ಮೀ. ಎಂದು ಇಟ್ಟುಕೊಂಡು ದೂರ ಲೆಕ್ಕ ಹಾಕಿ. ಎಡ ಪಿನ್ನಿನಿಂದ ಎರಡಕ್ಕೂ ಸುಮಾರು 6.1, ಬಲ ಪಿನ್ನಿನಿಂದ ಎರಡಕ್ಕೂ ಸುಮಾರು 4.1. ಎರಡೂ ಕಡೆ ಸಮ. ಆದ್ದರಿಂದ ಕ್ಲೇಮಿಗೆ ನೀವು ಮೊದಲು ಸೇರಿಸಬೇಕಾದದ್ದು ‘ಎರಡೂ’ ಎಂಬ ಪದ: ಒಂದು ಜೋಡಿಯ ಎರಡೂ ಪಿನ್ನುಗಳಲ್ಲಿ ಪ್ರತಿಯೊಂದೂ ಪಕ್ಕದ ಜೋಡಿಯ ಎರಡು ಪಿನ್ನುಗಳಿಂದ ಸಮದೂರದಲ್ಲಿರಬೇಕು. ಡಿ1ರ ಎದುರು ಹೊಸತನ ಇಷ್ಟರಿಂದಲೇ ಸಿಗುತ್ತದೆ.

ಆದರೆ ಅಲ್ಲಿಗೇ ನಿಂತರೆ ಮುಂದಿನ ವರದಿಯಲ್ಲಿ ಇನ್ನೂ ಗಟ್ಟಿಯಾದ ದಾಖಲೆ ಬರುತ್ತದೆ ಎಂದು ನಾನು ಪಣ ಕಟ್ಟುತ್ತೇನೆ. ಸ್ಟಾರ್ ಕ್ವಾಡ್ ಎಂಬ ಕೇಬಲ್ ಜೋಡಣೆ ಬಹಳ ಹಳೆಯದು: ನಾಲ್ಕು ತಂತಿಗಳು ಚೌಕದ ನಾಲ್ಕು ಮೂಲೆಯಲ್ಲಿ, ಎದುರುಬದುರು ಮೂಲೆಗಳು ಒಂದೊಂದು ಜೋಡಿ. ಕಾರ್ಖಾನೆಗಳ ಈಥರ್ನೆಟ್‌ನಲ್ಲಿ ಬಳಸುವ ನಾಲ್ಕು ಪಿನ್ನಿನ ಎಂ12 ಡಿ-ಕೋಡ್ ಕನೆಕ್ಟರ್ ಕೂಡ ಹೀಗೆಯೇ ಇದೆ. 1 ಮತ್ತು 3 ಒಂದು ಜೋಡಿ, 2 ಮತ್ತು 4 ಇನ್ನೊಂದು. ಅಲ್ಲಿ ‘ಎರಡೂ ಸಮದೂರ’ ಎಂಬುದು ಪೂರ್ತಿ ಹೊಂದುತ್ತದೆ, ನಿಮ್ಮ ಕ್ಲೇಮು ‘ಕನಿಷ್ಠ ಎರಡು ಜೋಡಿ’ ಎಂದಿರುವುದರಿಂದ ನೇರವಾಗಿ ಅದರ ಬಲೆಗೆ ಬೀಳುತ್ತದೆ. ಆದ್ದರಿಂದ ನಾಲ್ಕು ಜೋಡಿಗಳು, ಒಂದರ ಪಕ್ಕದಲ್ಲಿ ಒಂದು, ಒಂದೇ ಸಾಲಿನಲ್ಲಿ, ಒಂದು ಬಿಟ್ಟು ಒಂದು ಲಂಬವಾಗಿ ತಿರುಗಿ ಇವೆ ಎಂಬುದನ್ನೂ ಬರೆಯಬೇಕು. ಉತ್ತರ ಬರೆಯುವ ಮುನ್ನ ಒಂದು ದಿನ ಕೂತು ನೀವೇ ಹುಡುಕಿ: ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣದಲ್ಲಿ ಕ್ರಾಸ್‌ಟಾಕ್ ತಡೆಯುವ ಕನೆಕ್ಟರ್‌ಗಳು ಎಚ್01ಆರ್ 13/6461ರಲ್ಲಿ ಮತ್ತು ಅದರ ಕೆಳಗಿನ ಉಪವರ್ಗಗಳಲ್ಲಿ ಇರುತ್ತವೆ, ಹುರಿ ಜೋಡಿಗಳಿಗೆ 13/6463 ಎಂಬ ಪ್ರತ್ಯೇಕ ಉಪವರ್ಗವೇ ಇದೆ. ಪಕ್ಕದ ಜೋಡಿಯನ್ನು ಲಂಬವಾಗಿ ತಿರುಗಿಸುವ ವಿಚಾರವೂ ಅಲ್ಲೆಲ್ಲೋ ಸಿಗುತ್ತದೆ ಎಂದೇ ಎಣಿಸಿಕೊಂಡು ಮುಂದಿನ ಹೆಜ್ಜೆ ಯೋಚಿಸುವುದು ಕ್ಷೇಮ.

ನನ್ನ ಎಣಿಕೆಯಲ್ಲಿ ನಿಮ್ಮ ಅರ್ಜಿಯ ತಿರುಳು ಪಿನ್ನುಗಳಲ್ಲಿ ಇಲ್ಲ, ನೀವು ಏಳನೆಯ ಕ್ಲೇಮಿನಲ್ಲಿ ಮೂಲೆಗೆ ತಳ್ಳಿರುವ ಪ್ಲಾಸ್ಟಿಕ್ ತುಣುಕಿನಲ್ಲಿದೆ. ತಂತಿಗೆ ಹುರಿ ಹಾಕಿದರೆ ಕ್ರಾಸ್‌ಟಾಕ್ ತಗ್ಗುತ್ತದೆ ಎಂಬುದು ಗೊತ್ತಾಗಿ ಬಹಳ ಕಾಲವಾಯಿತು, ಗ್ರಹಾಂ ಬೆಲ್ ಅದಕ್ಕೆ 1881ರಲ್ಲಿಯೇ ಪೇಟೆಂಟ್ ಪಡೆದರು. ತೊಂದರೆ ಇರುವುದು ಕನೆಕ್ಟರ್‌ನ ಬಾಯಲ್ಲಿ: ಪಿನ್ನಿಗೆ ಸಿಕ್ಕಿಸಬೇಕಾದರೆ ಹುರಿ ಬಿಚ್ಚಲೇಬೇಕು, ಬಿಚ್ಚಿದ ಉದ್ದಕ್ಕೂ ಜೋಡಿಗೆ ರಕ್ಷಣೆ ಇಲ್ಲ. ಕಟ್ಟಡಗಳ ನೆಟ್‌ವರ್ಕ್ ಕೇಬಲ್ ಹಾಕುವವರಿಗೆ 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬೇಡಿ ಎಂದು ಹೇಳಿಕೊಡುವುದು ಇದಕ್ಕಾಗಿಯೇ. ನೆಟ್‌ವರ್ಕ್ ಕೇಬಲ್‌ನ ತುದಿಗೆ ಎಲ್ಲರೂ ಬಳಸುವ ಪ್ಲಗ್ಗಾದ ಆರ್‌ಜೆ45ರಲ್ಲಿ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು, ಅಲ್ಲಿ 4–5 ಎಂಬ ಜೋಡಿಯನ್ನು ನಡುವೆ ಇಟ್ಟುಕೊಂಡು 3–6 ಎಂಬ ಜೋಡಿ ಕಾಲು ಅಗಲಿಸಿ ನಿಂತಿದೆ. ಆ ಒಂದು ಜೋಡಣೆಯ ಪಾಪ ತೊಳೆಯಲು ಬಂದಿರುವ ಪೇಟೆಂಟ್‌ಗಳ ರಾಶಿಯೇ ಇದೆ. ನಿಮ್ಮ ಪ್ಲಾಸ್ಟಿಕ್ ತುಣುಕಿನಲ್ಲಿ ಪ್ರತಿ ಜೋಡಿಗೂ ಒಂದು ಕಾಲುವೆ, ಅದರ ತುದಿಯಲ್ಲಿ ಒಂದು ಚಿಕ್ಕ ಗೂಟ, ಗೂಟದ ಎರಡು ಬದಿಯಿಂದ ಎರಡು ತಂತಿಗಳು ಹೊರಬರುತ್ತವೆ. ಗೂಟದ ದಿಕ್ಕು ಪಿನ್ನುಗಳ ದಿಕ್ಕಿಗೆ ತಕ್ಕಂತೆ ಒಂದು ಬಿಟ್ಟು ಒಂದು 90 ಡಿಗ್ರಿ ತಿರುಗಿದೆ. ಹೀಗಾಗಿ ಹುರಿ ಪಿನ್ನಿನ 4 ಮಿ.ಮೀ. ಹತ್ತಿರದವರೆಗೂ ಉಳಿಯುತ್ತದೆ, ಬಿಚ್ಚಿದ ತಂತಿ ಎಲ್ಲಿಯೂ ಅಡ್ಡಹಾಯದೆ ನೇರವಾಗಿ ಪಿನ್ನಿಗೆ ಹೋಗುತ್ತದೆ. ಹುರಿ ಹಿಡಿಯುವ ತುಣುಕುಗಳು ಹಳೆಯವು, ತಿರುಗಿಸಿದ ಪಿನ್ನುಗಳೂ ಹಳೆಯವಿರಬಹುದು, ಆದರೆ ಒಂದರ ದಿಕ್ಕನ್ನು ಇನ್ನೊಂದಕ್ಕೆ ಕಟ್ಟಿಹಾಕಿ ಎರಡೂ ಸೇರಿ ಒಂದೇ ತೊಂದರೆಯನ್ನು ಕಳೆಯುವಂತೆ ಮಾಡಿರುವುದು ನಿಮ್ಮ ಕೆಲಸ. ಏಳನೆಯ ಕ್ಲೇಮನ್ನು ಮೊದಲನೆಯದರೊಳಗೆ ತನ್ನಿ, ದಿಕ್ಕಿನ ಈ ಹೊಂದಾಣಿಕೆಯನ್ನು ಸ್ಪಷ್ಟವಾಗಿ ಬರೆಯಿರಿ.

ಬರೆಯುವಾಗ ಒಂದು ಎಚ್ಚರ ಬೇಕು. ಸೇರಿಸುವ ಪ್ರತಿಯೊಂದು ಅಂಶಕ್ಕೂ ಮೊದಲು ಸಲ್ಲಿಸಿದ ಅರ್ಜಿಯಲ್ಲಿಯೇ ಆಧಾರವಿರಬೇಕು. ಯುರೋಪಿಯನ್ ಪೇಟೆಂಟ್ ಒಪ್ಪಂದದ 123(2)ನೆಯ ವಿಧಿ ಇದರಲ್ಲಿ ಬಹಳ ಬಿಗಿ, ಉಳಿದ ಕಚೇರಿಗಳೂ ಸಡಿಲವಲ್ಲ. ‘ಲಂಬವಾಗಿ’ ಎಂಬ ಪದ ನಿಮ್ಮ ವಿವರಣೆಯಲ್ಲಿ ಎರಡು ಕಡೆ ಇದೆ, ಒಳ್ಳೆಯದಾಯಿತು. 4 ಮಿ.ಮೀ. ಎಂಬ ಅಂಕಿ ಒಂದು ಕಡೆ ಇದೆ. ಜೋಡಿಗಳ ನಡುವಿನ ಅಂತರ ಮಾತ್ರ ಬರಿಯ ಚಿತ್ರದಲ್ಲಿದೆ. ಚಿತ್ರದ ಮೇಲೆ ಸ್ಕೇಲು ಇಟ್ಟು ಅಳೆದು ಅಂಕಿ ಬರೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಇನ್ನು ಡಿ2. ಅದರಲ್ಲಿ ಜೋಡಿಗಳ ನಡುವೆ ಲೋಹದ ತಗಡು ನಿಲ್ಲಿಸಿ ಕ್ರಾಸ್‌ಟಾಕ್ ತಡೆದಿದ್ದಾರೆ. ಡಿ1 ಕೈಯಲ್ಲಿರುವ ನುರಿತ ಎಂಜಿನಿಯರ್ ಡಿ2 ಓದಿದರೆ ತಗಡು ಹಾಕುತ್ತಾನೆ, ತಗಡಿಲ್ಲದೆ ಪಿನ್ನುಗಳನ್ನೂ ಗೂಟಗಳನ್ನೂ ತಿರುಗಿಸಲು ಅವನಿಗೆ ಅಲ್ಲಿ ಯಾವ ಸುಳಿವೂ ಸಿಗುವುದಿಲ್ಲ. ಹಾಗೆ ಮಾಡಬಹುದಿತ್ತು ಎಂಬುದು ಸಾಲದು, ಮಾಡುತ್ತಿದ್ದನೇ ಎಂಬುದು ಪ್ರಶ್ನೆ. ನಿಮ್ಮ ವಾದದ ಬೆನ್ನೆಲುಬು ಇದೇ ಆಗಲಿ. ಅಮೆರಿಕದಲ್ಲಿ ಅರ್ಜಿ ಇದ್ದರೆ ಬರಿಯ ‘ಸುಳಿವಿಲ್ಲ’ ಎಂಬ ಮಾತಿಗೆ ಅಷ್ಟು ತೂಕ ಸಿಗದು, ಅಲ್ಲಿನ ಸುಪ್ರೀಂ ಕೋರ್ಟಿನ 2007ರ ಕೆಎಸ್‌ಆರ್ ತೀರ್ಪಿನ ನಂತರ ಅಲ್ಲಿ ಪರೀಕ್ಷಕರಿಗೆ ಸಾಮಾನ್ಯ ತಿಳಿವಳಿಕೆಯ ಮೇಲೆ ದಾಖಲೆಗಳನ್ನು ಕೂಡಿಸಲು ಹೆಚ್ಚಿನ ಅವಕಾಶವಿದೆ. ಅಲ್ಲಿ ಅಳತೆಯ ಅಂಕಿಗಳು ಹೆಚ್ಚು ಕೆಲಸ ಮಾಡುತ್ತವೆ. ಅಳತೆ ಕೊಡುವುದಾದರೆ ನಿಮ್ಮದೇ ಹಳೆಯ ಮಾದರಿಯೊಂದಿಗೆ ಹೋಲಿಸಬೇಡಿ. ಡಿ1ರ ಪಿನ್ನು ಜೋಡಣೆಯನ್ನು ಅದೇ ಅಂತರ, ಅದೇ ಪ್ಲಾಸ್ಟಿಕ್, ಅದೇ ಕೇಬಲ್‌ನಲ್ಲಿ ಕಟ್ಟಿ, ಅದೇ ಆವರ್ತನಗಳಲ್ಲಿ ಎರಡನ್ನೂ ಅಳೆಯಿರಿ. ಪಕ್ಕದ ಜೋಡಿಗಳ ಅಂಕಿಯನ್ನಷ್ಟೇ ತೋರಿಸಿ ಸುಮ್ಮನಾಗಲೂ ಬೇಡಿ: ನಿಮ್ಮ ಒಂದನೆಯ ಮತ್ತು ಮೂರನೆಯ ಜೋಡಿಗಳು ಎರಡೂ ಮಲಗಿವೆ, ಅವುಗಳ ನಡುವೆ ರದ್ದಾಗುವ ಲಾಭವಿಲ್ಲ, ಅಂತರ ಇಮ್ಮಡಿ ಇರುವುದರಿಂದ ಪ್ರಭಾವ ಸುಮಾರು ಕಾಲು ಭಾಗಕ್ಕೆ ಇಳಿದಿರುತ್ತದೆ ಅಷ್ಟೆ. ಪರೀಕ್ಷಕರು ಅದನ್ನು ಕೇಳುವ ಮೊದಲೇ ನೀವು ಹೇಳಿದರೆ ಉಳಿದ ಅಂಕಿಗಳಿಗೂ ಬೆಲೆ ಬರುತ್ತದೆ.

ಕೊನೆಗೆ ನಿಮ್ಮ ನಾಲ್ಕನೆಯ ಕ್ಲೇಮು. ಅದರಲ್ಲಿ ಜೋಡಿಗಳ ನಡುವೆ “ಲೋಹದ ತಗಡನ್ನು ಸೇರಿಸಬಹುದು” ಎಂದಿದೆ. ತಗಡು ಬೇಡವೆಂಬುದೇ ನಮ್ಮ ಹೆಚ್ಚುಗಾರಿಕೆ ಎಂದು ಮೇಲಿನ ಪುಟದಲ್ಲಿ ವಾದಿಸಿ ಕೆಳಗಿನ ಪುಟದಲ್ಲಿ ತಗಡಿಗೂ ಹಕ್ಕು ಕೇಳಿದರೆ ಯಾವ ಪರೀಕ್ಷಕರೂ ಅದನ್ನು ಎತ್ತಿ ತೋರಿಸದೆ ಬಿಡುವುದಿಲ್ಲ. ನಿಮ್ಮ ವಿವರಣೆಯಲ್ಲಿ “ತಗಡಿನ ಅಗತ್ಯ ಬೀಳುವುದಿಲ್ಲ” ಎಂಬ ಒಂದು ವಾಕ್ಯ ಇರುವುದನ್ನು ನೋಡಿದೆ. ನಾಲ್ಕನೆಯ ಕ್ಲೇಮನ್ನು ಕೈಬಿಟ್ಟು, ಆ ವಾಕ್ಯದ ಆಧಾರದ ಮೇಲೆ ಮೊದಲನೆಯ ಕ್ಲೇಮಿಗೆ ‘ಜೋಡಿಗಳ ನಡುವೆ ಲೋಹದ ತಗಡು ಇಲ್ಲದೆ’ ಎಂದು ಸೇರಿಸಬಹುದು. ಅರ್ಜಿ ಯಾವ ದೇಶದ ಕಚೇರಿಯಲ್ಲಿದೆ ಎಂದು ನೀವು ಬರೆದಿಲ್ಲ, ಉತ್ತರದ ಗಡುವು ಕಚೇರಿಯಿಂದ ಕಚೇರಿಗೆ ಬೇರೆ. ವರದಿಯ ಮೊದಲ ಪುಟದಲ್ಲಿರುವ ದಿನಾಂಕ ನೋಡಿಕೊಂಡು, ಅಳತೆಗೆ ಬೇಕಾದ ಡಿ1 ಮಾದರಿಯನ್ನು ಕಟ್ಟಲು ಇಂದೇ ಕೊಡಿ.